ಹಿಟ್ಟು ಹಚ್ಚಿದ ಬಳೆಗಳು

ಧಾರವಾಡದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಸಂಶೋಧನಾ ತಂಡದವರು ಬೈಲಹೊಂಗಲಕ್ಕೆ ರೊಟ್ಟಿ ಬಡಿಯುವ ಹೆಂಗಸರನ್ನು ಹುಡುಕಿಕೊಂಡು ಬಂದಾಗ ಅವರಿಗೆ ನಡುವೆ ನಿಂತು ಮಾತು ಮುಟ್ಟಿಸುವ ಒಬ್ಬರು ಬೇಕಾಗಿದ್ದರು. ತಂಡದ ಮುಖ್ಯಸ್ಥೆ ಪ್ರೊಫೆಸರ್ ಮೇಡಂ ಹೊರರಾಜ್ಯದವರು, ಇಂಗ್ಲಿಷ್ ಬಿಟ್ಟರೆ ಹಿಂದಿ. ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಯುವ ಸಂಶೋಧಕರೊಬ್ಬರು ಮೈಸೂರಿನ ಕಡೆಯವರು. ಅವರ ಕನ್ನಡ ಕೇಳಿದರೆ ನಮ್ಮ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದರು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಇಲ್ಲಿ ಮನೆ ನಡೆಸಿಕೊಂಡಿದ್ದ ನನಗೆ ಆ ಕೆಲಸ ಬಂತು.

ನಾನು ಒಪ್ಪಿಕೊಳ್ಳಲು ಕಾರಣ ನಮ್ಮ ಮನೆಯಲ್ಲೇ ಇತ್ತು. ನಮ್ಮ ಯಜಮಾನರ ಚಿಕ್ಕಪ್ಪನ ಹೆಂಡತಿ, ನಾವೆಲ್ಲ ನೇಸರಗಿ ಕಾಕು ಎನ್ನುವವರು, ಲಕ್ವಾ ಹೊಡೆದ ಮೇಲೆ ಫಿಸಿಯೋಥೆರಪಿಗೆ ಹತ್ತಿರವಾಗಲೆಂದು ನಮ್ಮಲ್ಲಿ ಬಂದು ಇದ್ದರು. ಕಾಲು ಬಹುಮಟ್ಟಿಗೆ ಸುಧಾರಿಸಿತ್ತು. ಬಲಗೈ ಮಾತ್ರ ಎದೆಯ ಹತ್ತಿರ ಮಡಚಿಕೊಂಡು, ಬೆರಳುಗಳು ಮುಷ್ಟಿಯಾಗಿ ನಿಂತುಬಿಟ್ಟಿದ್ದವು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ಆ ಕೈಯ ಹಸಿರು ಬಳೆಗಳನ್ನು ತೆಗೆದಿದ್ದರು. ಮತ್ತೆ ತೊಡಿಸಲು ಆಗಿರಲಿಲ್ಲ. ಗಾಜಿನ ಬಳೆ ಏರಬೇಕಾದರೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಉಳಿದ ಬೆರಳುಗಳನ್ನು ಕೂಡಿಸಿ ಚಾಚಬೇಕು. ಮುಷ್ಟಿಯ ಮೇಲೆ ಅದು ಏರುವುದಿಲ್ಲ. ತಿರುಪು ಇರುವ ಬಂಗಾರದ ಬಳೆಯನ್ನಾದರೂ ಹಾಕೋಣ ಎಂದೆ.

“ಗಾಜಿನ ಬಳಿ ಇಲ್ಲದ ಕೈಗೆ ಬಂಗಾರ ಯಾಕ ಬೇಕವಾ?” ಎಂದರು ಕಾಕು. “ನಿಮ್ಮ ಕಾಕಾ ಅಲ್ಲಿ ಗಟ್ಟಿಮುಟ್ಟ ಕುಂತಾರ. ನನ್ನ ಕೈ ನೋಡಿದವರು ಏನ ಅನ್ಕೋಬೇಕು?”

ಅಂದಿನಿಂದ ಆ ಮುಂಗೈ ಸೆರಗಿನ ಕೆಳಗೇ ಇತ್ತು. ಉಡಿ ತುಂಬುವ ಕಾರ್ಯಕ್ರಮಗಳಿಗೆ ಹೋಗುವುದನ್ನು ಕಾಕು ಬಿಟ್ಟರು. ಫಿಸಿಯೋಥೆರಪಿಸ್ಟ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: “ಈ ಕೈಯಾಗ ಇನ್ನೂ ಜೀವಾ ಐತ್ರಿ. ಆದ್ರ ನಾವು ಆಡಿಸಿದ್ರ ಉಪಯೋಗಿಲ್ಲ, ಅವರs ಆಡಿಸ್ಬೇಕು. ಹಿಂಗ ಬಿಟ್ರ ಬೆರಳು ಹಂಗs ಬಿಗಿದು ಕುಂದರ್ತಾವು.” ಹಿಚುಕಲು ಕೊಟ್ಟ ರಬ್ಬರ್ ಚೆಂಡು ಕಿಟಕಿಯಲ್ಲಿ ಕುಳಿತಿತ್ತು. ಪರದೆ ಹಾರದಂತೆ ಒತ್ತಿ ಹಿಡಿಯುವುದೇ ಅದರ ಕೆಲಸವಾಗಿತ್ತು.

ಸಂಶೋಧಕರ ಯೋಜನೆ ಹೀಗಿತ್ತು. ಲಕ್ವಾ ಹೊಡೆದ ಕೈಗೆ ವ್ಯಾಯಾಮವೆಂದು ಹೇಳಿದರೆ ಬೇಸರ, ಮನಸ್ಸಿಗೂ ಉಮೇದು ಬರುವುದಿಲ್ಲ. ಜೀವಮಾನವಿಡೀ ಮಾಡಿದ ಕೆಲಸವನ್ನೇ ವಿಆರ್ ಕನ್ನಡಕದಲ್ಲಿ ಕಣ್ಣ ಮುಂದೆ ತಂದರೆ? ಮುಂಗೈಯನ್ನು ಒಂದು ರೋಬೋಟ್ ತೋಳು ಆಧರಿಸಿ, ಎಷ್ಟು ಬೇಕೋ ಅಷ್ಟೇ ಎತ್ತಿಕೊಟ್ಟರೆ? ನಮ್ಮ ಕಡೆಗೆ ಅವರು ಆರಿಸಿದ್ದು ಜೋಳದ ರೊಟ್ಟಿ ಬಡಿಯುವುದನ್ನು. ಅಂಗೈ ಚಪ್ಪಟೆಯಾಗಿ ಬೀಳಬೇಕು, ಬೆರಳು ಬಿಚ್ಚಬೇಕು, ತೋಳು ಏರಿಳಿಯಬೇಕು. ಮೊದಲು ಆರೋಗ್ಯವಂತ ಹೆಂಗಸರ ಕೈ ಚಲನೆಯನ್ನು ಕ್ಯಾಮೆರಾಗಳಲ್ಲಿ ದಾಖಲಿಸಿ, ಅದರಿಂದ ಕನ್ನಡಕದೊಳಗಿನ ಕೈಯನ್ನು ಕಟ್ಟುವುದು. ಆಮೇಲೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕೆಲವು ರೋಗಿಗಳ ಮೇಲೆ ಪ್ರಯೋಗ. ಮೊದಲನೆಯವರಾಗಿ ಕಾಕುವಿನ ಹೆಸರನ್ನು ನಾನೇ ಕೊಟ್ಟೆ.

ದಾಖಲೆ ನಡೆದದ್ದು ಪೇಟೆಯ ಹಿಂದಿನ ಒಂದು ರೊಟ್ಟಿ ಕೇಂದ್ರದಲ್ಲಿ. ಖಡಕ್ ರೊಟ್ಟಿ ಮಾಡಿ ಮಾರುವ ಹೆಂಗಸರ ಜಾಗ ಅದು. ಗೋಡೆಗುಂಟ ಕ್ಯಾಮೆರಾ ನಿಲ್ಲಿಸಿದರು. ಸಂಶೋಧಕರು ತುದಿಯಲ್ಲಿ ಗುಂಡುಗಳಿದ್ದ ಒಂದು ಕೋಲನ್ನು ಹಿಡಿದು ಕೋಣೆಯ ತುಂಬ ಗಾಳಿಯಲ್ಲಿ ಆಡಿಸಿದರು. ಕ್ಯಾಮೆರಾಗಳಿಗೆ ಪರಸ್ಪರ ದೂರ ಗೊತ್ತಾಗಲು ಹಾಗೆ ಮಾಡಬೇಕಂತೆ.

“ಆರತಿ ಮುಗೀತಂದ್ರ ಮಂಗಳಾರತಿ ತಾಟ ತರ್ಲೇನ ತಮ್ಮಾ?” ಎಂದಳು ಕೇಂದ್ರದ ಹಿರಿಯಾಕೆ. ಎಲ್ಲರೂ ನಕ್ಕರು. ಸಂಶೋಧಕರೂ ನಕ್ಕರು, ಆದರೆ ಕೋಲು ನಿಲ್ಲಿಸಲಿಲ್ಲ.

ಬೆಳಕನ್ನು ಹಿಂದಕ್ಕೆ ಎಸೆಯುವ ಬೂದು ಬಣ್ಣದ ಸಣ್ಣ ಗುಂಡುಗಳನ್ನು ಹೆಂಗಸರ ಭುಜ, ಮೊಣಕೈ, ಮಣಿಕಟ್ಟು, ಬೆರಳ ಗೆಣ್ಣುಗಳಿಗೆ ಅಂಟಿಸಿದರು. ಕ್ಯಾಮೆರಾ ನೋಡುವುದು ಅವನ್ನಷ್ಟೇ. ಪರದೆಯ ಮೇಲೆ ಮನುಷ್ಯರಿಲ್ಲ, ಕಪ್ಪಿನಲ್ಲಿ ಓಡಾಡುವ ಬಿಳಿ ಚುಕ್ಕೆಗಳು ಮಾತ್ರ. ಹಿರಿಯಾಕೆ ಬಡಿಯಲು ಶುರುಮಾಡಿದ ಕೂಡಲೇ ಮಣಿಕಟ್ಟಿನ ಹತ್ತಿರ ಅಂಟಿಸದೇ ಇದ್ದ ಚುಕ್ಕೆಗಳು ಕಾಣಿಸಿಕೊಂಡವು, ಮಿಣುಕಿದವು, ಮಾಯವಾದವು. ಗಾಜಿನ ಬಳೆಗಳ ಹೊಳಪು. ಆದರೂ ಹಾಗೇ ಕೆಲವರ ಬಡಿತವನ್ನು ದಾಖಲಿಸಿದರು. ಕೊನೆಕೊನೆಗೆ ಸುಳ್ಳು ಚುಕ್ಕೆಗಳು ಸ್ವಲ್ಪ ಕಡಿಮೆಯಾದಂತೆ ಕಂಡಿತು, ಆದರೆ ಯಾಕೆಂದು ಯಾರೂ ಆಗ ಕೇಳಲಿಲ್ಲ.

“ಮೇಡಂ, ಬಳೆ ಸ್ವಲ್ಪ ತೆಗೆಸೋಕಾಗತ್ತಾ?” ಎಂದು ಸಂಶೋಧಕರು ನನ್ನ ಕಿವಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿರಿಯಾಕೆಗೆ ಕೇಳಿಸಿತ್ತು.

“ನಿನ್ನ ಕ್ಯಾಮೆರಾದ ಕಣ್ಣ ಮುಚ್ಚು ತಮ್ಮಾ. ನಮ್ಮ ಬಳಿ ಯಾಕ ತೆಗಸ್ತಿ? ಗಂಡ ಮನ್ಯಾಗ ಚಹಾ ಕುಡ್ಯಾಕತ್ತಾನ, ನಾ ಇಲ್ಲಿ ಬರಿಗೈಲೆ ರೊಟ್ಟಿ ಬಡೀಲೇನು?”

ಆ ಮಾತು ಅಲ್ಲಿಗೇ ಮುಗಿಯಿತು. ಮನೆಯಲ್ಲಿ ಹಳೆಯ ಕಪ್ಪು ಕೊಡೆಯೊಂದು ಇದ್ದದ್ದು ನನಗೆ ನೆನಪಾಯಿತು. ಅದರ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ತಂದು, ಬಳೆಗಳನ್ನೆಲ್ಲ ಕೂಡಿಸಿ ಸುತ್ತಿ ಕಟ್ಟಿದೆ. ಸುಳ್ಳು ಚುಕ್ಕೆಗಳು ಹೋದವು. ಪ್ರೊಫೆಸರ್ ಮೇಡಂ ನನ್ನ ಬೆನ್ನು ತಟ್ಟಿದರು. ಹೆಂಗಸರು ಮಾತ್ರ ಗೊಣಗಿದರು. “ಕೈ ಕಟ್ಟಿಧಂಗ ಆಗೇತ್ರಿ ಅಕ್ಕಾರ,” ಎಂದಳು ಹಿರಿಯಾಕೆ. ಅವಳ ಒಂದು ರೊಟ್ಟಿಯ ಅಂಚು ಹರಿಯಿತು. ಅವಳ ರೊಟ್ಟಿ ಹರಿದದ್ದನ್ನು ಅದುವರೆಗೆ ಅಲ್ಲಿ ಯಾರೂ ಕಂಡಿರಲಿಲ್ಲ. ದಣಿವಿರಬೇಕು ಎಂದುಕೊಂಡು, ನಿಧಾನವಾಗಿ ಮಾಡಿರಿ ಎಂದೆ.

ಮಳೆಗಾಲ ಕಳೆದ ಮೇಲೆ ಅವರು ಕನ್ನಡಕ ಮತ್ತು ರೋಬೋಟ್ ತೋಳನ್ನು ತಂದು ನಮ್ಮ ಪಡಸಾಲೆಯಲ್ಲಿ ಜೋಡಿಸಿದರು. ತೋಳೆಂದರೆ ಮನುಷ್ಯಾಕಾರವೇನಲ್ಲ. ಮೆತ್ತನೆ ಹಾಸಿದ ಒಂದು ದೋಣಿಯಂಥ ತೊಟ್ಟಿ, ಅದರ ಕೆಳಗೆ ಮೋಟಾರು. ಕಾಕುವಿನ ಮುಂಗೈಯನ್ನು ಅದರಲ್ಲಿ ಮಲಗಿಸಿ ಪಟ್ಟಿ ಕಟ್ಟಿದರು. ಸ್ನಾಯುವಿನ ಮೇಲೆ ಅದರ ಮಿಡಿತ ಅಳೆಯುವ ಒಂದು ಸ್ಟಿಕ್ಕರ್. ಲ್ಯಾಪ್‌ಟಾಪಿನಲ್ಲಿ ಎರಡು ಗೆರೆ ಓಡುತ್ತಿದ್ದವು: ಕೆಂಪು ಗೆರೆ ಮೋಟಾರಿನ ಬಲ, ನೀಲಿ ಗೆರೆ ಕಾಕುವಿನ ಸ್ವಂತದ ಪ್ರಯತ್ನ. ನೀಲಿ ಗೆರೆ ಏಳಬೇಕು. ಅದಕ್ಕಾಗಿಯೇ ಇಷ್ಟೆಲ್ಲ.

“ಏನ ಕಾಣಸ್ತೇತಿ ಕಾಕು?” ಎಂದು ಕೇಳಿದೆ.

“ಒಲಿ ಐತಿ. ಹಂಚ ಐತಿ. ಯವ್ವಾ, ಹಿಟ್ಟೂ ಇಟ್ಟಾರ. ಕೈ ಎರಡು ಅದಾವು…” ಎಡಗೈಯಿಂದ ಕನ್ನಡಕವನ್ನು ಹಣೆಗೆ ಸರಿಸಿದರು. “ಒಯ್ಯಿರಿ ಇದನ್ನ.”

ತಲೆ ತಿರುಗಿತೇ ಎಂದು ಸಂಶೋಧಕರು ಕೇಳಿದರು. ಇಲ್ಲ. ಭಾರವಾಯಿತೇ? ಇಲ್ಲ. ಕಾಕು ಒಳಗೆ ಹೋಗಿ ಕುಳಿತರು. ಸಂಜೆ ನಾನು ಅವರೆಕಾಯಿ ಬಿಡಿಸುತ್ತಿದ್ದಾಗ ತಾವಾಗಿ ಹೇಳಿದರು: “ಅದರಾಗ ಕೈ ಬೋಳ ಅದಾವ ತಂಗಿ. ನಂದೊಂದ ಸಾಲದು ಅಂತ ಕನ್ನಡಕದಾಗೂ ಬೋಳ ಕೈ ನೋಡ್ಲೇನು?”

ಸಂಶೋಧಕರಿಗೆ ಫೋನ್ ಮಾಡಿ ತಿಳಿಸಿದೆ. “ಅಯ್ಯೋ. ಬಳೆನ ಅಡ್ಡ ಬರೋ ವಸ್ತು ಅಂತ ಬಟ್ಟೆ ಸಮೇತ ತೆಗೆದುಬಿಟ್ವಿ ಮೇಡಂ. ಆಮೇಲೆ ವಾಪಸ್ ಹಾಕಬೇಕು ಅಂತ ಯಾರಿಗೂ ಹೊಳೀಲಿಲ್ಲ,” ಎಂದರು.

ನನಗೂ ಹೊಳೆದಿರಲಿಲ್ಲ. ಕಟ್ಟಿದ್ದು ನಾನೇ.

ಅವರು ಬಳೆಗಳನ್ನು ಚಿತ್ರಿಸಿ ನನ್ನ ಮೊಬೈಲಿಗೆ ಕಳಿಸತೊಡಗಿದರು. ಕಾಕು ಒಂದೊಂದನ್ನೇ ನೋಡಿ ತೀರ್ಪು ಕೊಡುತ್ತಿದ್ದರು. ಇದು ಪ್ಲಾಸ್ಟಿಕ್ಕು. ಇದು ಸಾಲಿ ಹುಡುಗ್ಯಾರದು. ಕೊನೆಗೆ ಒಂದು ಹಸಿರಿಗೆ ತಲೆಯಾಡಿಸಿದರು.

ಎರಡನೆಯ ಸಲ ಕನ್ನಡಕವನ್ನು ತೆಗೆಯಲಿಲ್ಲ. ಆದರೆ ನೀಲಿ ಗೆರೆ ನೆಲ ಬಿಟ್ಟು ಏಳಲೂ ಇಲ್ಲ. ಕೆಂಪು ಗೆರೆಯೇ ಎಲ್ಲ ಮಾಡುತ್ತಿತ್ತು. ಮೋಟಾರಿನ ಸಹಾಯ ಕಡಿಮೆ ಮಾಡಿದರೆ ಕೈ ತೊಟ್ಟಿಯಲ್ಲಿ ಸುಮ್ಮನೆ ಮಲಗುತ್ತಿತ್ತು.

“ನಾ ಚಕ್ಕಡ್ಯಾಗ ಕುಂತೇನಿ. ಎಳ್ಯಾವ ಅವ,” ಎಂದರು ಕಾಕು ಮೋಟಾರಿನ ಕಡೆ ಗದ್ದ ತೋರಿಸಿ. “ಬಳಿ ಏನೋ ಅದಾವು. ಆದ್ರ ಮೂಕ ಆಗ್ಯಾವಲ್ಲ.”

ಸಂಶೋಧಕರು ಅಲ್ಲೇ ಕುಳಿತು ಎಲ್ಲಿಂದಲೋ ಬಳೆಯ ಸದ್ದು ತಂದು ಸೇರಿಸಿದರು. ಕನ್ನಡಕದೊಳಗಿನ ಅಂಗೈ ಹಿಟ್ಟಿಗೆ ಬಿದ್ದಾಗಲೆಲ್ಲ ಝಲ್ ಎನ್ನುವ ಹಾಗೆ. ಇದು ಮೊದಲಿಗಿಂತ ಕೆಟ್ಟದಾಯಿತು. ಕಾಕು ಎರಡು ಸಲ ಪ್ರಯತ್ನಿಸಿ, ಬೆವರಿ, ಕನ್ನಡಕ ತೆಗೆದಿಟ್ಟರು.

“ರೊಟ್ಟಿ ಬಡ್ಯಾಕಿ ಒಬ್ಬಾಕಿ, ಬಳಿ ಹಾಕ್ಕೊಂಡಾಕಿ ಇನ್ನೊಬ್ಬಾಕಿ ಇದ್ಧಂಗೈತಿ. ಯಾರ ಹಿಂದ ಹೋಗ್ಲಿ ನಾ?” ಎಂದರು. ಆಮೇಲೆ, ಮೆಲ್ಲಗೆ: “ಸಾಕ ಬಿಡ ತಂಗಿ. ಇದ್ದ ಒಂದ ಕೈಲೆ ಜೀವನಾ ಹೋಗ್ತೇತಿ.”

ಊಟದ ಹೊತ್ತಾಗಿತ್ತು. ನಾನು ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದೆ. ಸಂಶೋಧಕರು ಲ್ಯಾಪ್‌ಟಾಪ್ ಹಿಡಿದು ಬಾಗಿಲ ಹತ್ತಿರ ಕುಳಿತಿದ್ದರು, ಬಹುಶಃ ಪಡಸಾಲೆಯಲ್ಲಿ ಕಾಕುವಿನ ಎದುರು ಕೂರಲು ಮನಸ್ಸಾಗದೆ. ಸ್ವಲ್ಪ ಹೊತ್ತಾದ ಮೇಲೆ ಅವರ ಬೆರಳು ಲ್ಯಾಪ್‌ಟಾಪಿನ ಅಂಚಿನ ಮೇಲೆ ನನ್ನ ಬಡಿತಕ್ಕೆ ಸರಿಯಾಗಿ ಕುಟ್ಟುತ್ತಿರುವುದನ್ನು ನೋಡಿದೆ. ಅವರಿಗೆ ಅದರ ಅರಿವಿರಲಿಲ್ಲ. ಆಮೇಲೆ ಬೆರಳು ನಿಂತಿತು.

“ಮೇಡಂ, ನಿಲ್ಲಿಸಬೇಡಿ,” ಎಂದರು. “ನಿಮ್ಮ ಬಡಿತ ಎಷ್ಟು ಸಮವಾಗಿದೆ. ನಮ್ಮ ದಾಖಲೆಲಿ ಹೀಗಿಲ್ಲ.”

ಪರದೆ ನನ್ನ ಕಡೆ ತಿರುಗಿಸಿದರು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರವನ್ನು ಗೀಟುಗಳಾಗಿ ತೋರಿಸುವ ಚಿತ್ರ. ಗೀಟುಗಳು ಗಡಿಬಿಡಿಯಲ್ಲಿ ನೆಟ್ಟ ಬೇಲಿಯ ಗೂಟದ ಹಾಗಿದ್ದವು. ಮೊದಲ ದಿನ ಬೆಳಿಗ್ಗೆ ತೆಗೆದದ್ದನ್ನು ತೋರಿಸಿರಿ ಎಂದೆ, ಬಟ್ಟೆ ಕಟ್ಟುವುದಕ್ಕಿಂತ ಮುಂಚಿನದು. ಸುಳ್ಳು ಚುಕ್ಕೆಗಳಿವೆ ಎಂದು ಬದಿಗಿಟ್ಟಿದ್ದನ್ನು ಅವರು ತೆರೆದರು. ಅಲ್ಲಿ ಗೀಟುಗಳು ಸೀರೆಯ ಅಂಚಿನ ಸಾಲಿನಂತೆ ಸಮನಾಗಿ ನಿಂತಿದ್ದವು. ಅದೇ ಹಿರಿಯಾಕೆ, ಅದೇ ಬಡಿಯುವ ಕಲ್ಲು, ಅದೇ ಹಿಟ್ಟು.

ಕೈ ಕಟ್ಟಿಧಂಗ ಆಗೇತ್ರಿ ಅಕ್ಕಾರ. ಆ ಮಾತು ನನಗೆ ನಿಜವಾಗಿ ಕೇಳಿಸಿದ್ದು ಈಗ. ಬಟ್ಟೆ ಕಟ್ಟಿದ ಮೇಲೆ ಬಳೆಗಳು ಸದ್ದು ಮಾಡಿರಲಿಲ್ಲ. ಅಂಗೈ ಯಾವಾಗ ಬೀಳಬೇಕೆಂದು ಕೈಗೆ ಹೇಳುತ್ತಿದ್ದುದು ಆ ಸದ್ದೇ. ಅದಿಲ್ಲದೆ ಅಷ್ಟೂ ಹೆಂಗಸರು ತಡವರಿಸುತ್ತ ಬಡಿದಿದ್ದರು. ನಾವು ಆ ತಡವರಿಕೆಯನ್ನೇ ಜೋಪಾನವಾಗಿ ದಾಖಲಿಸಿ, ಅದಕ್ಕೆ ಹಸಿರು ಬಳೆ ತೊಡಿಸಿ, ಇದರ ಹಿಂದೆ ಬನ್ನಿ ಎಂದು ಕಾಕುವಿಗೆ ಹೇಳುತ್ತಿದ್ದೆವು.

“ಇನ್ನೊಂದು ವಿಷಯ,” ಎಂದರು ಸಂಶೋಧಕರು. “ಅವತ್ತು ಬೆಳಿಗ್ಗೆ ಕೊನೆಕೊನೆಗೆ ಸುಳ್ಳು ಚುಕ್ಕೆ ಕಡಿಮೆ ಆಗಿವೆ. ಬೆಳಕು ಬದಲಾಗಿಲ್ಲ. ಯಾಕೆ?”

ನಾನು ಹಿಟ್ಟಿನ ಕೈಯನ್ನು ಹಾಗೇ ಮುಂದೆ ಚಾಚಿದೆ. ಬುಟ್ಟಿಯಲ್ಲಿ ಆಗಲೇ ಸಾಕಷ್ಟು ರೊಟ್ಟಿಗಳಿದ್ದವು. ಬಳೆಗಳ ಮೇಲೆಲ್ಲ ಜೋಳದ ಹಿಟ್ಟು ಕೂತು ಹೊಳಪು ಸತ್ತಿತ್ತು. ಅವರು ಮೊಬೈಲಿನ ಟಾರ್ಚ್ ಹಚ್ಚಿ ನೋಡಿದರು. ನಾನು ಕೈ ಅಲ್ಲಾಡಿಸಿದೆ. ಬಳೆ ಸದ್ದು ಮಾಡಿತು, ಮಿಂಚಲಿಲ್ಲ. ಇಬ್ಬರೂ ನಕ್ಕೆವು.

ಪ್ರೊಫೆಸರ್ ಮೇಡಂಗೆ ಅಲ್ಲಿಂದಲೇ ಫೋನ್ ಹೋಯಿತು. ಎರಡು ದಾರಿಗಳಿದ್ದವು. ಇದ್ದ ದಾಖಲೆಯ ಅಂತರಗಳನ್ನು ಕಂಪ್ಯೂಟರಿನಲ್ಲೇ ಎಳೆದು ತಗ್ಗಿಸಿ ಸಮ ಮಾಡುವುದು. ಅದು ಬೇಗ ಆಗುತ್ತಿತ್ತು, ಸಂಶೋಧಕರ ಪ್ರಬಂಧವೂ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಇಲ್ಲವೇ ಎಲ್ಲವನ್ನೂ ಬಿಟ್ಟು ಮೊದಲಿನಿಂದ ದಾಖಲಿಸುವುದು. ಕ್ಯಾಮೆರಾಗಳಿಗಾಗಿ ಮತ್ತೆ ಸರದಿ ಕಾಯಬೇಕು, ಪ್ರಬಂಧ ಮುಂದಕ್ಕೆ ಹೋಗುತ್ತದೆ. ಅಂತರ ಸಮ ಮಾಡಬಹುದು, ಆದರೆ ತಡವರಿಸುವಾಗ ಮಣಿಕಟ್ಟು ಬಿಗಿಯಾಗಿದ್ದರೆ ಅದನ್ನು ಹೇಗೆ ಸರಿಮಾಡುವುದು ಎಂದು ಮೇಡಂ ಕೇಳಿದ್ದು ನನಗೂ ಕೇಳಿಸಿತು. ಆಮೇಲೆ, ತೀರ್ಮಾನ ನಿನ್ನದು, ಎಂದರು.

ಸಂಶೋಧಕರು ಫೋನ್ ಇಟ್ಟು ಊಟಕ್ಕೆ ಕುಳಿತರು. ರೊಟ್ಟಿ ಮುರಿದರು, ಪಲ್ಯ ಹಚ್ಚಿಕೊಂಡರು, ತಿನ್ನಲಿಲ್ಲ. ಪಡಸಾಲೆಯಲ್ಲಿ ಕಾಕು ಎಡಗೈಯಿಂದ ತಿನ್ನುತ್ತಿರುವುದು ಅಲ್ಲಿಂದ ಕಾಣುತ್ತಿತ್ತು.

“ಮತ್ತೆ ತೆಗೀತೀನಿ ಮೇಡಂ,” ಎಂದರು. “ಅಲ್ಲೀವರೆಗೆ ಅವರು ಇದನ್ನ ಬಿಟ್ಟುಬಿಡದ ಹಾಗೆ ನೀವು ನೋಡ್ಕೊಳ್ಳಿ.”

ಅದೇ ಕಷ್ಟದ ಭಾಗವಾಗಿತ್ತು. ಕಾಕುವಿಗೆ ನಾನು ಏನನ್ನೂ ವಿವರಿಸಲಿಲ್ಲ. ದಿನಾ ನನ್ನ ರೊಟ್ಟಿ ಹೊತ್ತಿಗೆ ಅವರ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ತಂದಿಡುತ್ತಿದ್ದೆ, ಅಷ್ಟೇ.

ರೊಟ್ಟಿ ಕೇಂದ್ರದಲ್ಲಿ ಹಿರಿಯಾಕೆ ನನ್ನನ್ನು ಸುಲಭಕ್ಕೆ ಬಿಡಲಿಲ್ಲ. “ನಾ ಅವತ್ತs ಹೇಳಿದ್ನಿ. ನೀವೇನಂದ್ರಿ? ನಿಧಾನ ಮಾಡ್ರಿ ಅಂದ್ರಿ. ಇಂಗ್ಲಿಷ್ ಸಾಲ್ಯಾಗ ಬಳಿ ಹಾಕ್ಕೊಳ್ಳಾಕ ಬಿಡ್ತಿದ್ದಿಲ್ಲೇನ್ರಿ ನಿಮಗ?”

“ಬಿಡ್ತಿದ್ದಿಲ್ಲರಿ,” ಎಂದೆ. ಅದು ನಿಜ. ಸಿಸ್ಟರುಗಳಿಗೆ ಬಳೆ ಸದ್ದು ಆಗುತ್ತಿರಲಿಲ್ಲ.

ಹಿಟ್ಟನ್ನು ನೀರಲ್ಲಿ ಕಲಸಿ ಬಳೆಗಳಿಗೆ ಸವರಿದೆವು. ಮೊದಲ ಸಲ ದಪ್ಪವಾಯಿತು. ಸದ್ದು ಮಂಕಾಯಿತು, ಒಣಗಿದ ಹಕ್ಕಳೆ ರೊಟ್ಟಿಯ ಮೇಲೆ ಉದುರಿತು. ತೊಳೆದು, ಮಜ್ಜಿಗೆಯಷ್ಟು ತೆಳುವಾಗಿ ಮತ್ತೆ ಸವರಿದೆವು. ಕಲ್ಲಿನ ಪಕ್ಕ ಮೈಕ್ ಇಟ್ಟರು. ಅದಕ್ಕೆ ತೊಂದರೆಯಾಗದಂತೆ ಫ್ಯಾನ್ ನಿಲ್ಲಿಸಿದರು. ಒಲೆಯ ಕಾವಿಗೆ ಬೆವರಿಳಿದು ಅಂಟಿಸಿದ ಗುಂಡುಗಳು ಜಾರುತ್ತಿದ್ದವು, ಒರೆಸಿ ಮತ್ತೆ ಅಂಟಿಸುತ್ತಿದ್ದೆವು. ಆದರೆ ಗೀಟುಗಳು ಸಮನಾಗಿ ಬಂದವು. ಈ ಸಲ ಕೈಯೂ ಸದ್ದೂ ಒಬ್ಬರದೇ ಆಗಿದ್ದವು.

ಮೂರನೆಯ ಸಲ ಕಾಕು ಕನ್ನಡಕ ಹಾಕಿಕೊಂಡದ್ದು ನನ್ನ ಮುಖ ನೋಡಿ, ಒಲ್ಲದ ಮನಸ್ಸಿನಿಂದ. ಮೋಟಾರಿನ ಸಹಾಯವನ್ನು ಸಂಶೋಧಕರು ಅರ್ಧಕ್ಕೆ ಇಳಿಸಿದ್ದರು. ಮೊದಲ ರೊಟ್ಟಿ ಕೆಂಪು ಗೆರೆಯೇ ಬಡಿಯಿತು. ಎರಡನೆಯದೂ ಹಾಗೇ. ಕಾಕುವಿನ ತುಟಿ ಅಲುಗುತ್ತಿತ್ತು. ಆಮೇಲೆ ಗದ್ದ ಸ್ವಲ್ಪ ಮೇಲೆ ಕೆಳಗೆ ಆಡತೊಡಗಿತು. ಸಂಶೋಧಕರು ನನ್ನನ್ನು ಮುಟ್ಟದೆಯೇ ಪರದೆಯ ಕಡೆ ಕೈ ತೋರಿಸಿದರು. ನೀಲಿ ಗೆರೆ ಒಂದು ಸಣ್ಣ ಗುಡ್ಡವಾಗಿ ಎದ್ದಿತ್ತು, ಕೆಂಪು ಗೆರೆಗಿಂತ ಮೊದಲು. ಇಳಿಯಿತು. ಮತ್ತೆ ಎದ್ದಿತು. ಮೋಟಾರು ಹಿಂದೆ ಬರುತ್ತಿತ್ತು.

ಯಾರೂ ಉಸಿರೆತ್ತಿರಲಿಲ್ಲ. ಆದರೂ ಕಾಕು ಗದರಿದರು: “ಸುಮ್ಮನಿರ್ರಿ ಎಲ್ಲಾರೂ! ಬಡ್ಯಾಕತ್ತೇನಿ.”

ಅಲ್ಲಿಂದ ಮುಂದೆ ಎಲ್ಲ ಸರಾಗವಾಗಿ ನಡೆಯಲಿಲ್ಲ. ಭುಜ ನೋಯತೊಡಗಿ ಕೆಲವು ದಿನ ನಿಲ್ಲಿಸಬೇಕಾಯಿತು. ತೊಟ್ಟಿಯ ಪಟ್ಟಿ ಮುಂಗೈ ಉಜ್ಜಿ ಕೆಂಪಾಯಿತು, ನಾನು ಹಳೆಯ ಸೀರೆಯ ಅಂಚು ಹೊಲಿದುಕೊಟ್ಟೆ. ರಾಮದುರ್ಗದ ರೋಗಿಯೊಬ್ಬರು ಕನ್ನಡಕ ಒಗ್ಗದೆ ಮೊದಲಿಗೇ ಬಿಟ್ಟರು. ಒಬ್ಬರ ಕೈ ನೋಡಿ ಏನನ್ನೂ ಸಾಧಿಸಿದೆವು ಎನ್ನಲಾಗದು ಎಂದು ಪ್ರೊಫೆಸರ್ ಮೇಡಂ ಪ್ರತಿ ಸಲವೂ ಹೇಳುತ್ತಿದ್ದರು. ಉಪಕರಣಗಳು ಸವದತ್ತಿಗೆ ಹೋದವು. ಕಾಕುವಿನ ಬೆರಳುಗಳು ಪೂರ್ತಿ ಬಿಚ್ಚಿರಲಿಲ್ಲ. ಆದರೆ ನಾನು ರೊಟ್ಟಿ ಬಡಿಯುವಾಗ ಬಾಗಿಲ ಕುರ್ಚಿಯಲ್ಲಿ ಅವರ ಅಂಗೈ ತೊಡೆಯ ಮೇಲೆ ಬೀಳುತ್ತಿತ್ತು, ಚಪ್ಪಟೆಯಾಗಿ. ಅದನ್ನು ನೋಡಿದೆನೆಂದು ನಾನು ತೋರಿಸಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾಕು, “ಪ್ಯಾಟಿಗೆ ಹೋಗೂಣು ನಡಿ,” ಎಂದರು. ಏನು ತರಬೇಕೆಂದು ಕೇಳಿದೆ. ಕಾಕು ನೆಟ್ಟಗೆ ಹೋಗಿ ಬಳೆಗಾರನ ಅಂಗಡಿ ಮುಂದೆ ನಿಂತರು.

ಬಳೆಗಾರ ವಯಸ್ಸಾದವನು. ಎಡಗೈ ನೋಡಿದ, ಸೆರಗಿನಿಂದ ಹೊರಬಂದ ಬಲಗೈ ನೋಡಿದ. ಒಂದು ಅಳತೆ ದೊಡ್ಡ ಹಸಿರು ಬಳೆ ತೆಗೆದು, ಕಾಕುವಿನ ಕೈಯನ್ನು ತನ್ನ ಮೊಣಕಾಲ ಮೇಲಿನ ಬಟ್ಟೆಗೆ ಇಟ್ಟುಕೊಂಡು ಒತ್ತಿದ. ಬೆರಳುಗಳು ಹೆದರಿ ಒಳಕ್ಕೆ ಮಡಚಿಕೊಂಡವು. ಬಳೆ ಗೆಣ್ಣಿಗೆ ತಾಗಿ ನಿಂತಿತು.

“ಬ್ಯಾನಿ ಆಗಾಕತ್ತೇತೇನವಾ?” ಎಂದ. “ಇನ್ನೊಂದ ದಿನಾ ನೋಡೂಣಂತ.”

ಕಾಕು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, “ತಂಗಿ, ನೀ ಬಡಿ,” ಎಂದರು.

ಪೇಟೆಯಲ್ಲಿ ಜನ ಓಡಾಡುತ್ತಿದ್ದರು. ಪಕ್ಕದ ಅಂಗಡಿಯವನು ನೋಡುತ್ತಿದ್ದ. ನಾನು ಬಳೆಗಾರನ ಮರದ ಪೆಟ್ಟಿಗೆಯ ಮೇಲೆ ಅಂಗೈಯಿಂದ ಬಡಿಯತೊಡಗಿದೆ, ಮನೆಯಲ್ಲಿ ಬಡಿಯುವ ಹಾಗೇ, ನನ್ನ ಬಳೆ ಸದ್ದಾಗುವಂತೆ. ಕಾಕು ಕಣ್ಣು ಮುಚ್ಚಿದರು. ಗದ್ದ ಅಲುಗಿತು. ಒಂದು ಬಡಿತಕ್ಕೆ ಬೆರಳುಗಳು ಸಡಿಲಾದವು, ಇನ್ನೊಂದಕ್ಕೆ ಚಾಚಿದವು. ಬಳೆಗಾರ ಹೆಬ್ಬೆರಳನ್ನು ಮೆಲ್ಲಗೆ ಒಳಗೆ ಮಡಚಿ, ಬಡಿತ ನೋಡಿಕೊಂಡು, ಬಳೆಯನ್ನು ದಾಟಿಸಿಬಿಟ್ಟ.

ಕಾಕು ಕಣ್ಣು ತೆರೆದು ಮುಂಗೈಯನ್ನು ನೋಡಿದರು. ಅಷ್ಟು ದಿನ ಸೆರಗಿನ ನೆರಳಿನಲ್ಲಿದ್ದ ಚರ್ಮ ಎಡಗೈಗಿಂತ ಬೆಳ್ಳಗಿತ್ತು. ತೋಳನ್ನು ಅಲ್ಲಾಡಿಸಿದರು. ಮತ್ತೊಮ್ಮೆ ಅಲ್ಲಾಡಿಸಿ ಕಿವಿಗೊಟ್ಟರು. ಆಮೇಲೆ ಕೈಯನ್ನು ಬಳೆಗಾರನ ಮೊಣಕಾಲ ಮೇಲೆ ತಾವೇ ಇಟ್ಟರು.

“ಒಂದs ಸಪ್ಪಳ ಮಾಡೂದಿಲ್ಲಲ್ಲೋ ಅಪ್ಪಾ,” ಎಂದರು. “ಇನ್ನೊಂದ ಹಾಕು. ಬಡಿ ತಂಗಿ, ಯಾಕ ನಿಂತಿ?”